ಅಮರಪ್ಪನ ಅಳುಕು

ಹೊನ್ನಕುಣಿ ಚಿನ್ನದ ಗಣಿಯ ಕಂಟ್ರೋಲ್ ರೂಮಿನಲ್ಲಿ ಗೋಡೆಯಷ್ಟಗಲದ ಪರದೆಯೊಂದಿತ್ತು. ಅದರ ನಟ್ಟನಡುವೆ ಊಟದ ತಟ್ಟೆಯಷ್ಟು ದೊಡ್ಡ ಅಂಕಿಯೊಂದು ಪಾಳಿಯುದ್ದಕ್ಕೂ ಹೊಳೆಯುತ್ತಿತ್ತು. ಅದು ಗಣಿಯ ಆಳವಲ್ಲ, ಉಷ್ಣಾಂಶವಲ್ಲ, ತೆಗೆದ ಅದಿರಿನ ತೂಕವೂ ಅಲ್ಲ. ಅಮರಪ್ಪ ಎಂಬ ಐವತ್ತೆಂಟು ವರ್ಷದ ಮನುಷ್ಯನ ಹೊಟ್ಟೆಯೊಳಗಿನ ಭಯ ಅದು. ಸೊನ್ನೆಯಿಂದ ನೂರರವರೆಗೆ. ಎಪ್ಪತ್ತು ದಾಟಿದರೆ ಸೈರನ್ ತಾನಾಗಿ ಕೂಗುತ್ತಿತ್ತು, ನೆಲದಡಿಯ ನಾನ್ನೂರು ಚಿಲ್ಲರೆ ಜನ ಕೈಯಲ್ಲಿದ್ದದ್ದನ್ನು ಬಿಸಾಡಿ ಮೇಲೆ ಬರಬೇಕಿತ್ತು. ಇಸವಿ ಎರಡು ಸಾವಿರದ ನಲವತ್ತಾರು. ಮನುಷ್ಯ ಅಷ್ಟರಮಟ್ಟಿಗೆ ಮುಂದುವರಿದಿದ್ದ, ನೋಡಿ.

ಇದು ಹೇಗಾಯಿತು ಅಂದರೆ ಕೇಳಿ. ಅಮರಪ್ಪನ ಕೆಲಸ ಚತ್ತು ಬಡಿಯುವುದು. ಸುರಂಗದ ಛಾವಣಿಗೆ ಆ ರಾಯಚೂರು ಸೀಮೆಯ ಗಣಿಯವರು ಚತ್ತು ಅನ್ನುತ್ತಾರೆ. ಸಿಡಿಮದ್ದು ಹಾರಿಸಿ ಹೊಗೆ ಆರಿದ ಮೇಲೆ, ಬೇರೆ ಯಾರೂ ಕಾಲಿಡುವ ಮೊದಲು, ಒಬ್ಬನು ಒಳಗೆ ಹೋಗಿ ಉದ್ದನೆಯ ಹಾರೆಯಿಂದ ಚತ್ತನ್ನು ಬಡಿದು ಅದು ಗಟ್ಟಿಯೋ ಟೊಳ್ಳೋ ಎಂದು ಸದ್ದು ಕೇಳಿ ಹೇಳಬೇಕು. ಅಮರಪ್ಪ ಇದನ್ನು ಮೂವತ್ತೊಂದು ವರ್ಷ ಮಾಡಿದ್ದ. ಬೂಟು ಬಿಚ್ಚಿ ಬರಿಗಾಲಲ್ಲಿ ಕಲ್ಲಿನ ಮೇಲೆ ನಿಲ್ಲುತ್ತಿದ್ದ. ಮೂರು ಸಲ ಬಡಿಯುತ್ತಿದ್ದ. ಕತ್ತು ಓರೆ ಮಾಡಿಕೊಂಡು ಒಂದು ನಿಮಿಷ ಸುಮ್ಮನಿದ್ದು, ಆಮೇಲೆ ‘ನಡೀರಿ’ ಅಥವಾ ‘ಬ್ಯಾಡ’ ಅನ್ನುತ್ತಿದ್ದ. ಅವನು ‘ಬ್ಯಾಡ’ ಅಂದ ಕಡೆ ಒಂಬತ್ತು ಸಲ ಚತ್ತು ಕುಸಿದಿತ್ತು.

ಯಾಕೆ ಬೇಡ ಎಂದು ಕೇಳಿದವರನ್ನು ಅವನು ಮನುಷ್ಯರ ಲೆಕ್ಕಕ್ಕೇ ಹಿಡಿಯುತ್ತಿರಲಿಲ್ಲ. “ಹೊಟ್ಟ್ಯಾಗ ಅಳುಕಿತು, ಹೇಳಿದೆ. ಇದ್ದವ್ರಿಗೆ ಇರ್ತೈತಿ, ಇಲ್ಲದವ್ರಿಗೆ ಇಲ್ಲ. ಪುಸ್ತಕ ಓದಿ ಬರೂದಲ್ಲ ಇದು,” ಎಂದು ಎಲೆಯಡಿಕೆ ಉಗಿದು ಹೊರಟುಬಿಡುತ್ತಿದ್ದ. ಅವನ ಕೈಕೆಳಗೆ ಕಲಿಯಲು ಬಂದ ಹನ್ನೊಂದು ಮಂದಿ ಒಬ್ಬರಾದ ಮೇಲೊಬ್ಬರು ಕೈಮುಗಿದು ಓಡಿಹೋಗಿದ್ದರು. ಹನ್ನೆರಡನೆಯವಳು ಅವನ ಮಗಳೇ, ಶಶಿಕಲಾ. ಅದೇ ಗಣಿಯಲ್ಲಿ ಅದಿರು ತುಂಬುವ ಯಂತ್ರ ಓಡಿಸುತ್ತಿದ್ದಳು.

“ಯಪ್ಪಾ, ನೀ ಬಡಿದಾಗ ಏನು ಕೇಳ್ತಿ, ಏನು ನೋಡ್ತಿ, ನನಗಷ್ಟು ಹೇಳು. ನಾ ಕಲೀತೀನಿ,” ಎಂದು ಅವಳು ಊಟಕ್ಕೆ ಕೂತಾಗಲೆಲ್ಲ ಕೇಳುತ್ತಿದ್ದಳು.

“ಹೇಳೂದೇನೈತಿ? ಅಳುಕಿದ್ರ ಅಳುಕ್ತೈತಿ.”

“ಯಾಕ ಅಳುಕ್ತೈತಿ ಅಂತ ಕೇಳಾಕತ್ತೀನಿ.”

“ಹಂಗ ಕೇಳೂ ಹೊಟ್ಟಿಗೆ ಅದು ಬರಂಗಿಲ್ಲ,” ಎಂದು ರೊಟ್ಟಿ ಮುರಿಯುತ್ತಿದ್ದ. ಅವಳು ಮೂರು ವರ್ಷ ಕೇಳಿ ಕೇಳಿ ಸುಸ್ತಾಗಿ ಕೇಳುವುದನ್ನೇ ಬಿಟ್ಟಳು. ಅವನಿಗೋ, ಮಗಳು ಸೋತಳೆಂದು ಒಳಗೊಳಗೇ ಖುಷಿ. ಇಂಥ ಅಪ್ಪಂದಿರಿಗೆ ಏನೆನ್ನಬೇಕೋ ನೀವೇ ಹೇಳಿ.

ಅಷ್ಟರಲ್ಲಿ ಬೆಂಗಳೂರಿನಿಂದ ಡಾ. ಶ್ರೀನಿಧಿ ಬಂದ. ನರವಿಜ್ಞಾನಿ. ನೆಲದಡಿಗೆ ಒಂದೇ ಒಂದು ಸಲ ಇಳಿದು, ಜನರನ್ನು ಶಾಫ್ಟಿನ ಬಾವಿಯಲ್ಲಿ ಇಳಿಸುವ ಕೇಜಿನಲ್ಲೇ ತಲೆ ಸುತ್ತಿ, ಮೇಲೆ ಬಂದು ಎಳನೀರು ಕುಡಿದು, ಗಣಿಯ ಸುರಕ್ಷತೆಯ ಬಗ್ಗೆ ಎರಡು ಗಂಟೆ ಭಾಷಣ ಮಾಡಿದ. ಅವನ ಯಂತ್ರದ ಹೆಸರು ಅಳುಕುಮಾಪಕ. ಎರಡು ಬೆರಳಗಲದ ಪಟ್ಟಿಯೊಂದು ಹೊಟ್ಟೆಯ ಮೇಲೆ, ಇನ್ನೊಂದು ಕತ್ತಿನ ಪಕ್ಕ, ಮೆದುಳಿನಿಂದ ಕರುಳಿಗೆ ಇಳಿಯುವ ನರದ ಮೇಲೆ. ಕಿವಿಗೆ ಬಿದ್ದದ್ದು, ಅಂಗಾಲಿಗೆ ತಾಗಿದ್ದು ಮಾತಾಗಿ ತಲೆಗೆ ಹೊಳೆಯುವ ಮೊದಲೇ ಕರುಳು ಒಂದಿಷ್ಟು ಬಿಗಿಯುತ್ತದಂತೆ. ಆ ಬಿಗಿತವನ್ನು ಪಟ್ಟಿ ಹಿಡಿದು ಅಂಕಿ ಮಾಡುತ್ತದೆ. ಇಷ್ಟೇ ಅದರ ಮರ್ಮ. ಇಷ್ಟರಮಟ್ಟಿಗೆ ಯಂತ್ರದಲ್ಲಿ ತಪ್ಪೇನೂ ಇರಲಿಲ್ಲ, ಅಂಕಿ ಸರಿಯಾಗಿಯೇ ಬರುತ್ತಿತ್ತು.

“ತರ್ಕ ಯಾವಾಗ್ಲೂ ಲೇಟು,” ಎಂದು ಶ್ರೀನಿಧಿ ಅಧಿಕಾರಿಗಳ ಮುಂದೆ ಕೈ ತಿರುವಿದ. “ಮೆದುಳು ಕಾರಣ ಹುಡುಕ್ತಾ ಕೂತಿರತ್ತೆ, ಹೊಟ್ಟೆ ಅಷ್ಟರಲ್ಲಿ ಉತ್ತರ ಹೇಳಿ ಮುಗಿಸಿರತ್ತೆ. ನಮಗೆ ಬೇಕಾಗಿರೋದು ಉತ್ತರ. ಕಾರಣ ಕಟ್ಕೊಂಡು ಏನ್ಮಾಡೋಣ?” ಆಮೇಲೆ ಅಮರಪ್ಪನ ಹೆಗಲ ಮೇಲೆ ಕೈಯಿಟ್ಟು, “ಅಮರಪ್ಪನವರೇ, ನೀವು ಏನೂ ಯೋಚನೆ ಮಾಡ್ಬೇಡಿ. ಯೋಚನೆ ಮಾಡಿದ್ರೆ ಸಿಗ್ನಲ್ ಹಾಳಾಗತ್ತೆ,” ಎಂದ.

ಯೋಚನೆ ಮಾಡಬೇಡಿ ಎಂದು ಸಂಬಳ ಕೊಟ್ಟು ಹೇಳುವ ಕೆಲಸ ಯಾರಿಗೆ ಬೇಡ? ಗಣಿಯ ಮ್ಯಾನೇಜರ್ ದೇಶಮುಖನಿಗಂತೂ ಹಾಲು ಕುಡಿದಷ್ಟು ಸಂತೋಷವಾಯಿತು. ಅಲ್ಲಿಯವರೆಗೆ ಅವನ ತಲೆ ತಿನ್ನುತ್ತಿದ್ದವಳು ನಜ್ಮಾ. ಮುದಗಲ್ಲಿನ ಹೆಣ್ಣುಮಗಳು, ಕಲ್ಲಿನ ಒತ್ತಡ ಓದಿದ ಇಂಜಿನಿಯರು. ಬಂಡೆಯೊಳಗೆ ಉಪಕರಣ ಹೂತು, ಮನುಷ್ಯನ ಕಿವಿಗೆ ಅಷ್ಟಾಗಿ ಕೇಳದ ಸಣ್ಣ ಚಟಪಟ ಸದ್ದುಗಳನ್ನು ಎಣಿಸಿ, ಪ್ರತಿ ದಿನ ನಾಲ್ಕು ಪುಟ ಬರೆದು ಕಾರಣಸಮೇತ ಕಳಿಸುತ್ತಿದ್ದಳು. ದೇಶಮುಖ ನಾಲ್ಕು ಪುಟ ಓದುವ ಪೈಕಿ ಅಲ್ಲ. ಒಂದೇ ಅಂಕಿ ಸಿಕ್ಕಿದ್ದೇ ತಡ, ನಜ್ಮಾಳ ಕೋಣೆಯ ಅರ್ಧವನ್ನು ಅಳುಕುಮಾಪಕದ ಬ್ಯಾಟರಿಗಳಿಗೆ ಕೊಟ್ಟ. ಸೈರನ್ನಿನ ಗುಂಡಿಯನ್ನು ಅವಳ ಮೇಜಿನಿಂದ ಕಿತ್ತು, ತಂತಿಯನ್ನು ಸೀದಾ ಅಮರಪ್ಪನ ಹೊಟ್ಟೆಗೆ ಜೋಡಿಸಿದರು.

ಆಮೇಲೆ ದೇಶಮುಖನಿಗೆ ಇನ್ನೊಂದು ಹೊಳೆಯಿತು. ಇಷ್ಟು ಬೆಲೆಬಾಳುವ ಹೊಟ್ಟೆಯನ್ನು ನೆಲದಡಿಗೆ ಕಳಿಸುವುದೇ? ಕಲ್ಲು ಬಿದ್ದು ಅದಕ್ಕೇನಾದರೂ ಆದರೆ? ಸರಿ, ಅಮರಪ್ಪನನ್ನು ಮೇಲೆ ತಂದು ಕಂಟ್ರೋಲ್ ರೂಮಿನ ಮೆತ್ತನೆಯ ಕುರ್ಚಿಯಲ್ಲಿ ಕೂರಿಸಿದರು. ಕೆಳಗೆ ಒಂದರಡಿ ಒಂದಾಗಿದ್ದ ಇಪ್ಪತ್ನಾಲ್ಕು ಲೆವೆಲ್‌ಗಳಲ್ಲೂ ಯಂತ್ರದ ತೋಳು ಚತ್ತು ಬಡಿಯುತ್ತಿತ್ತು, ಸದ್ದು ತಂತಿಯಲ್ಲಿ ಹತ್ತಿಬಂದು ಅವನ ಕಿವಿಯ ಹೆಡ್‌ಫೋನಿಗೆ ಬೀಳುತ್ತಿತ್ತು. ಎಸಿ ತಣ್ಣಗೆ ಬೀಸುತ್ತಿತ್ತು. ಕಾಲಿಗೆ ಕಂಪನಿಯ ಸ್ಪಂಜಿನ ಚಪ್ಪಲಿ. ಮೂರ್ಖತನಕ್ಕೂ ಒಂದು ಮಿತಿ ಇರುತ್ತದೆ ಎಂದು ನಂಬಿದವರು ಒಮ್ಮೆ ಹೊನ್ನಕುಣಿಗೆ ಬಂದು ನೋಡಬೇಕಿತ್ತು.

ಅಮರಪ್ಪ ಬೇಡ ಅಂದನೇ? ಅಂದಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಪತ್ರಿಕೆಯಲ್ಲಿ ಅವನ ಹೊಟ್ಟೆಯ ಫೋಟೋ ಬಂತು. ಕಾಲೊನಿಯ ಕ್ವಾರ್ಟರ್ಸಿನ ಮುಂದೆ ಭಾನುವಾರ ಜನ ಸಾಲುಗಟ್ಟಿದರು. ಈ ವರ ಆಗಬಹುದೇ, ಈ ಪ್ಲಾಟು ಕೊಳ್ಳಬಹುದೇ, ಬೋರು ಎಲ್ಲಿ ಕೊರೆಸಲಿ? ಜೀವಮಾನದಲ್ಲಿ ಕಲ್ಲು ಬಡಿದದ್ದು ಬಿಟ್ಟು ಬೇರೇನೂ ಮಾಡದ ಮನುಷ್ಯ ಕಣ್ಣು ಮುಚ್ಚಿ, ಹೊಟ್ಟೆ ಸವರಿಕೊಂಡು, ‘ಆಕ್ಕೈತಿ’, ‘ಆಗಂಗಿಲ್ಲ’ ಎಂದು ಹೇಳತೊಡಗಿದ. ತಾನು ಹೇಳಿದ್ದನ್ನು ತಾನೂ ನಂಬಿದ, ಅದು ಇನ್ನೂ ನಾಚಿಕೆಗೇಡು.

ಹೆಂಡತಿ ಹಂಪಮ್ಮ ಬಾಗಿಲಲ್ಲಿ ನಿಂತು ನೋಡಿ ಮೂಗು ಮುರಿದಳು. “ಬಗಲಾಗಿರೂ ಹೆಂಡ್ತಿಗೆ ಜ್ವರ ಬಂದದ್ದು ತಿಳಿಲಿಲ್ಲ, ಊರವ್ರ ಬೋರು ಹೇಳಾಕ ಹೊಂಟಾನ!”

ಬಡಿದ ಸದ್ದು ತಂತಿಯಲ್ಲಿ ಬರುತ್ತಿತ್ತು ಹೌದು. ಆದರೆ ಹೊಟ್ಟೆ ಮಾತ್ರ ಮನೆಯಿಂದ ಬರುತ್ತಿತ್ತು. ಮೊದಲ ತಿಂಗಳಲ್ಲೇ ಒಂದು ಮಧ್ಯಾಹ್ನ ಅಂಕಿ ಎಪ್ಪತ್ತೊಂಬತ್ತಕ್ಕೆ ಏರಿತು, ಸೈರನ್ ಕೂಗಿತು, ನಾನ್ನೂರು ಜನ ಎದ್ದುಬಿದ್ದು ಮೇಲೆ ಬಂದರು. ಚತ್ತು ಗಟ್ಟಿಯಾಗಿತ್ತು. ಕೆಟ್ಟದ್ದು ಅಮರಪ್ಪ ಹಿಂದಿನ ದಿನ ಸಂಜೆ ಬಸ್‌ಸ್ಟ್ಯಾಂಡಿನಲ್ಲಿ ತಿಂದ ಮಿರ್ಚಿ ಬಜ್ಜಿ. ಎರಡನೆಯ ಸಲ ಹಂಪಮ್ಮ ಫೋನ್ ಮಾಡಿ, ನಮ್ಮಣ್ಣ ಎರಡು ತಿಂಗಳು ಇರಾಕ ಬರ್ತಾನಂತ ಎಂದಿದ್ದಳು. ಅಂಕಿ ಎಪ್ಪತ್ನಾಲ್ಕು. ಮೂರನೆಯ ಸಲ ಮಗಳು ಬೆಳಿಗ್ಗೆ ಚಹಾ ಕುಡಿಯುತ್ತ, “ಚತ್ತು ಬಡಿಯೂ ಪರೀಕ್ಷೆಗೆ ಅರ್ಜಿ ಹಾಕೀನಿ. ನಜ್ಮಾ ಮೇಡಂ ಕಲಸ್ತಾರ. ನಿನ್ನ ಹಂಗು ಬ್ಯಾಡ,” ಎಂದಿದ್ದಳು. ಹತ್ತು ಗಂಟೆಗೆ ಅಂಕಿ ಎಂಬತ್ತೊಂದು.

ಇಷ್ಟಾದ ಮೇಲೂ ಯಂತ್ರ ಕಳಚಬೇಕು ಎಂದು ಯಾರಿಗೂ ಅನಿಸಲಿಲ್ಲ. ಬದಲಿಗೆ ದೇಶಮುಖ ಹಂಪಮ್ಮನಿಗೆ ಕಂಪನಿಯ ಮೊಹರು ಹಾಕಿದ ಪತ್ರ ಬರೆದ. ‘ತಮ್ಮ ಪತಿಯವರ ಜಠರವನ್ನು ಕರ್ತವ್ಯದ ಅವಧಿಯಲ್ಲಿ ಸಮಸ್ಥಿತಿಯಲ್ಲಿ ಇಡತಕ್ಕದ್ದು. ಖಾರ, ಎಣ್ಣೆ, ಬಂಧುಗಳ ಆಗಮನ ಹಾಗೂ ಕೌಟುಂಬಿಕ ವಾಗ್ವಾದಗಳನ್ನು ವರ್ಜಿಸತಕ್ಕದ್ದು.’ ಹಂಪಮ್ಮ ಆ ಪತ್ರವನ್ನು ಶಶಿಕಲಾಳಿಂದ ಎರಡು ಸಲ ಓದಿಸಿ ಕೇಳಿದಳು. “ಏನು ಮಂದಿನವ್ವಾ ಇವ್ರು! ಕೂಸಿಗೂ ಇಷ್ಟು ಮಾಡಿಲ್ಲ ನಾ,” ಎಂದು ಪತ್ರವನ್ನು ಒಲೆಗೆ ಹಾಕಿದಳು. ಆದರೂ ಮರುದಿನದಿಂದ ಅವನಿಗೆ ಸಪ್ಪನೆಯ ಅನ್ನ, ಮಜ್ಜಿಗೆ. ಮಗಳು ಅವನೆದುರು ಬಾಯಿ ಬಿಡುವುದನ್ನೇ ನಿಲ್ಲಿಸಿದಳು. ಅಂಕಿ ಹತ್ತು ಹನ್ನೆರಡರ ಆಚೆ ಏಳಲಿಲ್ಲ. ಶ್ರೀನಿಧಿ ಅದನ್ನು ಯಶಸ್ಸು ಎಂದು ಬರೆದುಕೊಂಡ.

ಕೆಳಗಿನ ಜನ ಮಾತ್ರ ಸೈರನ್ನಿಗೆ ಹೊಸ ಹೆಸರಿಟ್ಟಿದ್ದರು, ಅಮರಪ್ಪನ ಅಜೀರ್ಣ ಎಂದು.

ಆ ಗುರುವಾರ ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ನಜ್ಮಾ ಕಂಟ್ರೋಲ್ ರೂಮಿನ ಬಾಗಿಲು ನೂಕಿಕೊಂಡು ಒಳಗೆ ಬಂದಳು. ಅವಳಿಗೆ ಅಲ್ಲಿ ಪ್ರವೇಶ ಇರಲಿಲ್ಲ. ಕೈಯಲ್ಲಿ ಹಾಳೆಗಳು, ಮುಖ ಬಿಳಿಚಿಕೊಂಡಿತ್ತು. ದೇಶಮುಖ ಮತ್ತು ಶ್ರೀನಿಧಿ ಇಬ್ಬರೂ ರಾಯಚೂರಿನಲ್ಲಿ ಯಾವುದೋ ಸನ್ಮಾನದಲ್ಲಿದ್ದರು. ಅವಳು ಆಗಲೇ ಅವರಿಗೆ ಫೋನ್ ಮಾಡಿ ಆಗಿತ್ತು. ‘ಹೊಟ್ಟಿ ಎಷ್ಟು ತೋರಸ್ತೈತಿ? ಹನ್ನೆರಡಾ? ಹಂಗಾರ ಹೋಗಿ ಚಹಾ ಕುಡೀರಿ’ ಎಂದು ದೇಶಮುಖ ಫೋನ್ ಇಟ್ಟಿದ್ದ.

“ಕಾಕಾ, ಇಪ್ಪತ್ನಾಲ್ಕನೇ ಲೆವೆಲ್ಲು ಇವತ್ತ ಬೀಳ್ತೈತಿ. ಮಂದಿನ್ನ ಹೊರಗ ತೆಗೀಬೇಕು,” ಎಂದಳು.

ಅಮರಪ್ಪ ಪರದೆಯ ಕಡೆ ಗದ್ದ ಎತ್ತಿ ತೋರಿಸಿದ. “ಹನ್ನೆರಡು ಐತಿ. ಕಾಣವಲ್ದೇನು?”

“ಅದು ನಿಮ್ಮ ಹೊಟ್ಟಿ. ನಾ ಕಲ್ಲಿನ ಮಾತು ಹೇಳಾಕತ್ತೀನಿ.”

“ನನ್ನ ಹೊಟ್ಟಿ ಸುಳ್ಳು ಹೇಳಂಗಿಲ್ಲ ಮೇಡಂ. ನಿಮ್ಮ ಹಾಳಿ ಹೇಳ್ತಾವ.”

ಹಾಗೆ ಹೇಳಿದವನಿಗೆ ಆ ಲೆವೆಲ್ಲಿನಲ್ಲಿ ಅವತ್ತು ಯಾರ ಪಾಳಿ ಎಂದು ಗೊತ್ತಿತ್ತು. ನಲವತ್ತೊಂದು ಮಂದಿ, ಅವರಲ್ಲಿ ಒಬ್ಬಳು ಶಶಿಕಲಾ. ಗೊತ್ತಿದ್ದೂ ಅವನು ಕುರ್ಚಿಯಲ್ಲಿ ಹಿಂದಕ್ಕೆ ಒರಗಿದ. ಹೊಟ್ಟೆ ಶಾಂತವಾಗಿತ್ತು, ಹೆಡ್‌ಫೋನಿನಲ್ಲಿ ಬಡಿತ ಬಡಿತದ ನಡುವೆ ಇಪ್ಪತ್ನಾಲ್ಕನೇ ಲೆವೆಲ್ ಎಂದಿಲ್ಲದಷ್ಟು ಶಾಂತವಾಗಿತ್ತು, ಎಸಿ ಹಿತವಾಗಿತ್ತು.

ನಜ್ಮಾಳಿಗೆ ಅವನ ಕಪಾಳಕ್ಕೆ ಬಾರಿಸಬೇಕು ಎನಿಸಿರಬೇಕು. ಬಾರಿಸಲಿಲ್ಲ. ಸೈರನ್ನಿಗೆ ಇದ್ದ ದಾರಿ ಈ ಮನುಷ್ಯನ ಕರುಳೊಂದೇ, ಅದಕ್ಕೆ ಭಯ ಹುಟ್ಟಬೇಕು. ಅವಳು ಹಾಳೆಗಳನ್ನು ಮೇಜಿನ ಮೇಲಿಟ್ಟು, ಕುರ್ಚಿ ಎಳೆದುಕೊಂಡು ಅವನೆದುರು ಕೂತಳು.

“ಹಾಳಿ ಬಿಡ್ರಿ. ನಾ ಕೇಳ್ತೀನಿ, ನೀವು ಹೇಳ್ರಿ. ಹಿಂದಕ ಒಂಬತ್ತನೇ ಲೆವೆಲ್‌ನ್ಯಾಗ ಕಟ್ಟಿಗಿ ತೊಲಿ ನಿಲ್ಲಸ್ತಿದ್ರಂತಲ್ಲ. ಅವು ಸದ್ದು ಮಾಡ್ತಿದ್ವೇನ್ರಿ?”

“ಮಾಡ್ತಿದ್ವು. ದಿನಾ ಕಿರ್ ಕಿರ್ ಅಂತ ಮುದುಕ್ರು ನರಳಿದಂಗ.”

“ಒಂದಿನ ಸದ್ದು ನಿಂತ್ರ ಏನು ಮಾಡ್ತಿದ್ರಿ?”

“ಓಡ್ತಿದ್ವಿ,” ಎಂದುಬಿಟ್ಟ ಅಮರಪ್ಪ. ಹೇಳಿದ ಮೇಲೆ ಅವನ ಬಾಯಿ ಹಾಗೇ ತೆರೆದುಕೊಂಡಿತು.

“ಯಾಕ?”

ಈ ಶಬ್ದ ಕೇಳಿದರೆ ಅವನಿಗೆ ಮೈ ಉರಿಯುತ್ತಿತ್ತು. ಇವತ್ತು ಉರಿಯಲಿಲ್ಲ. ಅವನು ಹುಬ್ಬು ಗಂಟಿಕ್ಕಿ, ಕಲ್ಲು ಎತ್ತುವವನ ಹಾಗೆ ಕಷ್ಟಪಟ್ಟು ಒಂದೊಂದೇ ಮಾತು ತೆಗೆದ. “ನರಳೂ ತೊಲಿ ಅಂದ್ರ... ಇನ್ನೂ ಭಾರ ಹೊತ್ತೈತಿ, ಬಾಗಾಕತ್ತೈತಿ, ಅಂತ. ನರಳೂದು ನಿಂತಿತಂದ್ರ... ಬಾಗೂದು ಮುಗೀತು. ಇನ್ನ ಮುರೀಬೇಕು, ಅಷ್ಟ.”

“ಇಪ್ಪತ್ನಾಲ್ಕನೇ ಲೆವೆಲ್ ಕಲ್ಲು ಗಂಟೆಗೆ ಇನ್ನೂರು ಸಲ ಚಟಪಟ ಅಂತಿತ್ತು. ದಿನಾ ಮದ್ದು ಹಾರಸಾಕತ್ತಾರ, ಆದ್ರೂ ಭಾನುವಾರದಿಂದ ಕಡಿಮಿ ಆಗಿ ಆಗಿ ಇವತ್ತ ಮುಂಜಾನಿಂದ ನಾಕ ಸಲ.”

ಪರದೆಯ ಮೇಲೆ ಹನ್ನೆರಡು ಹೋಗಿ ಇಪ್ಪತ್ತೇಳು ಬಂತು. ಇಬ್ಬರೂ ಅದನ್ನು ನೋಡಲಿಲ್ಲ.

“ಅಲ್ಲಿ ಪಂಪು ದಿನಕ್ಕ ಹದಿನಾರು ತಾಸು ಓಡ್ತಿತ್ತು,” ಎಂದು ನಜ್ಮಾ ಮುಂದುವರಿಸಿದಳು. “ಸೋಮವಾರ ಹನ್ನೊಂದು, ಮಂಗಳವಾರ ಎಂಟು, ನಿನ್ನೆ ಐದು. ನೀರು ಕಡಿಮಿ ಆತು ಅಂತ ದೇಶಮುಖ ಸಾಹೇಬ್ರು ಖುಷಿ ಅದಾರ.”

“ನೀರು ಕಡಿಮಿ ಆಗಂಗಿಲ್ಲ. ಮ್ಯಾಲ ಕೆರಿ ತುಂಬೈತಿ. ಹಾದಿ ಬದಲಿ ಮಾಡೈತಿ ಅದು.”

“ಎಲ್ಲಿಗೆ?”

“ಮೂಡಣ ಗ್ವಾಡಿಗುಂಟ ಬರ್ತಿತ್ತು. ಅಲ್ಲಿಗೆ ಬರೂಕಿಂತ ಮೊದ್ಲ ಎಲ್ಲೋ ಹೊಸಾ ಸಂದಿ ಸಿಕ್ಕೈತಿ...” ಅವನು ಗಾಳಿಯಲ್ಲಿ ಕೈಯಿಂದ ಗೋಡೆ ಬರೆದ, ಅದರ ಮೇಲೆ ಚತ್ತು ಬರೆದ, ನೀರು ಬರುವ ದಾರಿ ಬರೆದ. ಕೈ ಚತ್ತಿನ ಮೇಲೆ ನಿಂತಿತು. “ಮೇಡಂ, ಚತ್ತಿನ ಮ್ಯಾಲ ಬಿರುಕು ಬಿಟ್ಟೈತಿ. ಉದ್ದಕ್ಕೂ ಬಿಟ್ಟೈತಿ. ಕಲ್ಲು ಸುಮ್ನ ಕುಂತಿಲ್ಲ, ಜೋತು ಬಿದ್ದೈತಿ.”

ಆಗ ಅವನ ಕರುಳು ಹಿಂಡಿಕೊಂಡಿತು. ಅದೇ ಹಳೆಯ ಅಳುಕು, ಮೂವತ್ತೊಂದು ವರ್ಷದ ಪರಿಚಯದ್ದು. ಆದರೆ ಈ ಸಲ ಅದು ಬಂದ ದಾರಿ ಅವನಿಗೆ ಕಾಣಿಸಿತ್ತು. ಬರಿಗಾಲಲ್ಲಿ ನಿಂತಾಗ ಅಂಗಾಲು ಒಂದು ಕಾರಣ ಹೇಳುತ್ತಿತ್ತು, ಕಿವಿ ಒಂದು ಹೇಳುತ್ತಿತ್ತು, ಒಣಗಿದ ಗೋಡೆಯ ವಾಸನೆ ಒಂದು ಹೇಳುತ್ತಿತ್ತು. ಲೆಕ್ಕವೆಲ್ಲ ಒಳಗೊಳಗೇ ನಡೆದು ಹೊಟ್ಟೆಗೆ ಬರೀ ಉತ್ತರ ತಲುಪುತ್ತಿತ್ತು. ಲೆಕ್ಕ ಮರೆತು ಉತ್ತರಕ್ಕೆ ಕೈಮುಗಿದಿದ್ದ ದಡ್ಡ ಅವನು. ನೆಲದಡಿಯಲ್ಲಿ ಕೇಳಿದ್ದರೆ ಕೂದಲು ನಿಮಿರುತ್ತಿದ್ದ ಮೌನ, ಮೇಲೆ ಮೆತ್ತನೆಯ ಕುರ್ಚಿಯಲ್ಲಿ ಅವನಿಗೆ ನೆಮ್ಮದಿಯ ಹಾಗೆ ಕೇಳಿಸಿತ್ತು. ‘ಥೂ ನನ್ನ!’ ಎಂದುಕೊಂಡ. ಪರದೆಯ ಅಂಕಿ ಐವತ್ತೆಂಟು, ಎಪ್ಪತ್ತೆರಡು, ತೊಂಬತ್ತಾರು. ಸೈರನ್ ಕೂಗಿತು.

ಪರದೆಯ ಅಂಚಿನ ಕ್ಯಾಮೆರಾ ಚಿತ್ರಗಳಲ್ಲಿ ಬೇರೆ ಲೆವೆಲ್ಲುಗಳ ಜನ ಗೊಣಗುತ್ತ ಕೇಜಿನ ಕಡೆ ಹೆಜ್ಜೆ ಹಾಕಿದ್ದು ಕಾಣಿಸಿತು. ಇಪ್ಪತ್ನಾಲ್ಕರಲ್ಲಿ ಒಬ್ಬರೂ ಅಲುಗಲಿಲ್ಲ. ಅಲ್ಲಿಂದ ಕೇಜಿಗೆ ಅರ್ಧ ಮೈಲಿ ನಡೆಯಬೇಕು. ಮೂರು ಸಲ ಸುಮ್ಮನೆ ನಡೆದಿದ್ದರು. ಅಮರಪ್ಪ ಫೋನ್ ಕಿತ್ತುಕೊಂಡ. ಆ ಕಡೆ ಎತ್ತಿದವನು ಮುಕಾದಮ ಹುಸೇನಪ್ಪ, ಅವನ ವಾರಿಗೆಯವನು, ಒಂದೇ ದಿನ ಕೆಲಸಕ್ಕೆ ಸೇರಿದವರು.

“ಏನಪಾ ಅಮರಪ್ಪ, ಭಾವ ಮತ್ತ ಬಂದನೇನು?” ಹಿಂದೆ ಹತ್ತಾರು ಜನ ನಕ್ಕರು.

“ಹುಸೇನಪ್ಪ, ನಗಬ್ಯಾಡೋ. ಖರೇ ಐತಿ. ಎಲ್ರೂ ಹೊರಗ ಬರ್ರಿ.”

“ಯಾಕ?”

ಅಮರಪ್ಪನ ಬಾಯಿಗೆ ಮೂವತ್ತೊಂದು ವರ್ಷದ ಚಾಳಿ ಬಂತು. “ಯಾಕಂದ್ರ... ನನ್ನ ಹೊಟ್ಟ್ಯಾಗ ಅಳುಕಾಕತ್ತೈತೋ!”

“ಮಜ್ಜಿಗಿ ಕುಡಿ,” ಎಂದ ಹುಸೇನಪ್ಪ. ನಗೆ ಜೋರಾಯಿತು.

ನಜ್ಮಾ ಮೇಜು ಗುದ್ದಿದಳು. “ಹೊಟ್ಟಿ ಅನಬ್ಯಾಡ್ರಿ! ನನಗ ಹೇಳಿದ್ರಲ್ಲ, ಅದನ್ನ ಹೇಳ್ರಿ!”

“ಶಶೀನ ಕೊಡು! ಹುಸೇನಪ್ಪ, ನನ್ನ ಮಗಳ ಕೈಯಾಗ ಕೊಡು!”

ಸ್ವಲ್ಪ ಹೊತ್ತಿಗೆ ಶಶಿಕಲಾಳ ದನಿ ಬಂತು, ತಣ್ಣಗೆ. “ಹೇಳು.”

“ಮೂಡಣ ಗ್ವಾಡಿ ನೀರು ಒಸರ್ತಿತ್ತಲ್ಲವ್ವ, ಈಗೈತೇನು?”

“ಇಲ್ಲ. ಸೋಮವಾರದಿಂದ ಒಣಗೈತಿ. ಬೂಟು ತೋಯ್ಯವಲ್ವು ಅಂತ ಎಲ್ರಿಗೂ ಬೇಷಾಗೈತಿ.”

“ಕೆರಿ ತುಂಬೈತಿ, ನೀರು ಒಣಗೈತಿ. ಎಲ್ಲಿ ಹೋತು ಹಂಗಾರ?”

ಅಪ್ಪ ಪ್ರಶ್ನೆ ಕೇಳಿದ್ದು ಅವಳು ಹುಟ್ಟಿದ ಮೇಲೆ ಇದೇ ಮೊದಲು. “ಬ್ಯಾರೆ ಸಂದಿ ಹಿಡಿದೈತಿ.”

“ಕಲ್ಲು ಭಾನುವಾರದಿಂದ ಚಟಪಟ ಅನ್ನೂದು ನಿಲ್ಲಿಸೈತಿ. ನಜ್ಮಾ ಮೇಡಂ ಎಣಿಸ್ಯಾರ. ಬಾಗೂ ತೊಲಿ ನರಳ್ತೈತಿ, ಮುರಿಯೂ ಮುಂದ ಸುಮ್ನಾಗ್ತೈತಿ. ಸಂದಿ ಎಲ್ಲಿ ಬಿಟ್ಟಿರಬೇಕು, ನೀನ ಹೇಳು.”

“ಚತ್ತಿನ ಮ್ಯಾಲ,” ಎಂದಳು ಶಶಿಕಲಾ. ಫೋನ್ ಕೆಳಗೆ ಬಿದ್ದ ಸದ್ದು. ಅವಳು ಕಿರುಚುವುದು ದೂರದಿಂದ ಕೇಳಿಸಿತು. ಹೊಟ್ಟೆ ಎನ್ನಲಿಲ್ಲ, ಅಪ್ಪ ಹೇಳಿದ ಎನ್ನಲಿಲ್ಲ. ನೀರು ಯಾಕೆ ಒಣಗಿತು ಗೊತ್ತೇನ್ರೋ ಎಂದು ಕೇಳಿ, ಎರಡೇ ಮಾತಿನಲ್ಲಿ ಕಾರಣ ಹೇಳಿದಳು. ಗಣಿಯ ಜನ ದಡ್ಡರಲ್ಲ. ನಗೆ ನಿಂತಿತು. ಬೂಟುಗಳು ಓಡತೊಡಗಿದವು.

ನಜ್ಮಾ ಕೇಜನ್ನು ಮೊದಲು ಇಪ್ಪತ್ನಾಲ್ಕಕ್ಕೇ ಇಳಿಸಲು ಹೇಳಿದಳು, ಅಮರಪ್ಪ ಶಾಫ್ಟಿನ ಬಾಯಿಗೆ ಓಡಿದ. ಕೇಜಿಗೆ ಒಂದು ಸಲಕ್ಕೆ ಇಪ್ಪತ್ತು ಜನ. ಮೊದಲನೆಯದು ಮೇಲೆ ಬಂತು, ಮಗಳು ಅದರಲ್ಲಿ ಇರಲಿಲ್ಲ. ಓಡಿ ಬಂದವರನ್ನೆಲ್ಲ ಹತ್ತಿಸಿ ಎರಡನೆಯದರಲ್ಲಿ ಬಂದಳು. ಕೇಜಿನ ಬಾಗಿಲು ತೆರೆಯುತ್ತಿದ್ದ ಹಾಗೇ ನೆಲ ಒಂದು ಸಲ ಜಗ್ಗಿತು. ಶಾಫ್ಟಿನ ಬಾಯಿಂದ ಬೂದಿಬಣ್ಣದ ಧೂಳು ಭುಸ್ಸೆಂದು ಎದ್ದು ಎಲ್ಲರ ಮೇಲೂ ಬಿತ್ತು. ಅಮರಪ್ಪ ಮಗಳನ್ನು ತಬ್ಬಿಕೊಳ್ಳಲು ಹೋದ. ಅವಳು ಅವನನ್ನು ಪಕ್ಕಕ್ಕೆ ಸರಿಸಿ ತಲೆ ಎಣಿಸತೊಡಗಿದಳು. ಎರಡು ಸಲ ಎಣಿಸಿದಳು. ನಲವತ್ತೇ ಇದ್ದರು.

ಹುಸೇನಪ್ಪ ಬಂದಿರಲಿಲ್ಲ. ‘ಆ ಸೈರನ್ ಕೇಳಿ ಮೂರು ಸಲ ಓಡಿ ಮೊಣಕಾಲು ಕೆಡಿಸ್ಕೊಂಡೀನಿ. ಅಪ್ಪನಂಗ ಮಗಳು. ನೀವು ಓಡ್ರಿ, ನಾ ಬುತ್ತಿ ಬಿಚ್ತೀನಿ’ ಎಂದು ಕಲ್ಲಿನ ಮೇಲೆ ಕೂತನಂತೆ. ಶಶಿಕಲಾ ಕೈ ಹಿಡಿದು ಎಳೆದಾಗಲೂ ನಗುತ್ತಿದ್ದನಂತೆ.

ಮೂರನೆಯ ದಿನ ಗಣಿಯ ಮೈದಾನದಲ್ಲಿ ಸಭೆ ನಡೆಯಿತು. ಮೊದಲ ಅರ್ಧ ಗಂಟೆ ಹುಸೇನಪ್ಪನಿಗೆ ಶ್ರದ್ಧಾಂಜಲಿ, ಆಮೇಲೆ ಅದೇ ವೇದಿಕೆಯಲ್ಲಿ ಅಳುಕುಮಾಪಕಕ್ಕೆ ಅಭಿನಂದನೆ. ಹೂವಿನ ಬುಟ್ಟಿಯೂ ಒಂದೇ. ಹುಸೇನಪ್ಪನ ಹೆಂಡತಿ ಮುಂದಿನ ಸಾಲಿನಲ್ಲಿ ಕೂತಿದ್ದಾಗಲೇ ಶ್ರೀನಿಧಿ ಎದ್ದು, “ನಲವತ್ತೊಂದರಲ್ಲಿ ನಲವತ್ತು! ಶೇಕಡಾ ತೊಂಬತ್ತೇಳೂವರೆ ಯಶಸ್ಸು! ತರ್ಕಕ್ಕೆ ನಿಲುಕದ್ದನ್ನು ಒಬ್ಬ ಸಾಮಾನ್ಯ ಮನುಷ್ಯನ ಹೊಟ್ಟೆ ಕಂಡಿತು,” ಎಂದ. ಜನ ಚಪ್ಪಾಳೆ ತಟ್ಟಿದರು. ತಟ್ಟುತ್ತಾರೆ, ಅವರಿಗೇನು!

ಅಮರಪ್ಪನ ಕೈಗೆ ಮೈಕು ಬಂತು. “ನನ್ನ ಹೊಟ್ಟಿ ಏನೂ ಕಂಡಿಲ್ರಿ. ಅದು ಹನ್ನೆರಡು ಅಂತಿತ್ತು. ಕಂಡಾಕಿ ನಜ್ಮಾ ಮೇಡಂ. ಆಕಿ ಹಾಳ್ಯಾಗ ಎಲ್ಲಾ ಇತ್ತು,” ಎಂದ. ದೇಶಮುಖ ಮೈಕು ಇಸಿದುಕೊಂಡು, “ನೋಡ್ರಿ, ಎಂಥಾ ವಿನಯ!” ಎಂದು ಕಣ್ಣೊರೆಸಿಕೊಂಡ. ಪತ್ರಿಕೆಯವರು ವಿನಯ ಎಂದೇ ಬರೆದುಕೊಂಡರು. ಆ ಹೊತ್ತಿಗೆ ನಜ್ಮಾ ತನ್ನ ಅರ್ಧ ಕೋಣೆಯಲ್ಲಿ ಕೂತು, ಅನುಮತಿಯಿಲ್ಲದೆ ಕಂಟ್ರೋಲ್ ರೂಮಿಗೆ ನುಗ್ಗಿದ್ದೇಕೆ ಎಂಬ ನೋಟಿಸಿಗೆ ಉತ್ತರ ಬರೆಯುತ್ತಿದ್ದಳು. ಅದಕ್ಕೂ ನಾಲ್ಕು ಪುಟ, ಕಾರಣಸಮೇತ.

ಅಮರಪ್ಪ ಕೊರಳಿನ ಹಾರವನ್ನು ದಾರಿಯಲ್ಲೇ ಎಸೆದು ಮನೆಗೆ ಬಂದ. ಹಂಪಮ್ಮ ಹುಸೇನಪ್ಪನ ಮನೆಗೆ ಹೋಗಿದ್ದಳು. ಶಶಿಕಲಾ ನಡುಮನೆಯಲ್ಲಿ ಗೋಡೆಗೆ ಒರಗಿ ಕೂತಿದ್ದಳು. ಮೂರು ದಿನದಿಂದ ಅವಳು ಅಪ್ಪನೊಡನೆ ಒಂದು ಮಾತೂ ಆಡಿರಲಿಲ್ಲ.

“ನೀ ಬಂದೆಲ್ಲವ್ವ. ನನಗಷ್ಟ ಸಾಕು,” ಎಂದ ಅವನು.

ಅವಳು ಅವನನ್ನು ನೋಡಿದ ನೋಟದಲ್ಲಿ ಸಿಟ್ಟೂ ಇರಲಿಲ್ಲ. ಹುಳ ಬಿದ್ದ ಹಿಟ್ಟನ್ನು ನೋಡುವ ಹಾಗೆ ನೋಡಿದಳು. “ನೀರು ಒಣಗಿದ್ದನ್ನ ನಾ ಸೋಮವಾರನ ನೋಡಿದ್ದೆ,” ಎಂದಳು. “ಎಲ್ರಿಗಿಂತ ಮೊದ್ಲ ನೋಡಿದ್ದು ನಾನು. ಹುಸೇನಪ್ಪ ಕಾಕಾಗ ತೋರಿಸ್ದೆ, ಕಾಕಾ ಇದೇನು ಅಂತ. ನನಗೇನು ಗೊತ್ತವ್ವ, ನಿಮ್ಮಪ್ಪಗ ಕೇಳು ಅಂದ. ನಿನಗ ಕೇಳಿದ್ರ ಏನಂತಿದ್ದಿ?”

ಏನೆನ್ನುತ್ತಿದ್ದ ಎಂದು ಇಬ್ಬರಿಗೂ ಗೊತ್ತಿತ್ತು.

“ಮೂರು ವರ್ಷ ಕೇಳೀನಿ. ಅದರಾಗ ಒಂದ ಒಂದು ಸಲ, ಗ್ವಾಡಿ ಒಣಗಿದ್ರ ಏನರ್ಥ ಅಂತ ಹೇಳಿದ್ರ, ಸೋಮವಾರನ ಎಲ್ರನ್ನೂ ಕರ್ಕೊಂಡು ಬರ್ತಿದ್ದೆ. ಕಾಕಾನೂ ಬರ್ತಿದ್ದ. ನಗಕೋತ ಬರ್ತಿದ್ದ.”

ಅವನು ನೆಲಕ್ಕೆ ಕುಸಿದು ಕೂತ. ಅಳು ಬಂತು, ತಡೆಯಲಿಲ್ಲ. ಅವಳು ಸಮಾಧಾನ ಮಾಡಲಿಲ್ಲ. ಅವನು ಅತ್ತು ಮುಗಿಸುವವರೆಗೆ ಕಾದು, ಎದ್ದು ಹೋಗಿ ಪರೀಕ್ಷೆಗೆಂದು ತಂದಿಟ್ಟಿದ್ದ ನೋಟ್‌ಬುಕ್ ಮತ್ತು ಪೆನ್ನು ತಂದು ಎದುರಿಗೆ ಕೂತಳು.

“ಒಂಬತ್ತು ಸಲ ಬ್ಯಾಡ ಅಂದಿದ್ದೆಲ್ಲ. ಮೊದಲನೇದರಿಂದ ಹೇಳು. ಬರ್ಕೊಂತೀನಿ.”

ಅಮರಪ್ಪ ಮೂಗು ಒರೆಸಿಕೊಂಡ. “ಅವತ್ತ ಏನಾತಂದ್ರ... ಹಾರಿ ತಗೊಂಡು ಹೋಗಿ ನಿಂತೆ. ನಿಂತ ಕೂಡ್ಲೇ ಹೊಟ್ಟ್ಯಾಗ...”

“ಹೊಟ್ಟಿ ಬಿಡು,” ಎಂದಳು ಮಗಳು. “ಕಿವಿಗೆ ಏನು ಕೇಳಿತು, ಅದನ್ನ ಹೇಳು.”